ಕಾವಲು ನಾಯಿಗೆ ಸಿಹಿಕುಂಬಳದ ಬಿಲ್ಲೆ

ಎತ್ತು, ಹಸು, ಎಮ್ಮೆ, ಕುರಿಗಳ ಮೇವಿನ ವಿಷಯದಲ್ಲಿ ಬಹಳ ಎಚ್ಚರ ವಹಿಸುವ ಗೃಹಸ್ಥರು ಕೂಡ ನಾಯಿಯ ಆಹಾರದ ಮಾತು ಬಂದೊಡನೆ ಉದಾಸೀನರಾಗುವುದು ಸಾಮಾನ್ಯವಾಗಿ ಕಂಡುಬರುವ ಸಂಗತಿ. ರಾತ್ರಿಯೆಲ್ಲ ಕಣವನ್ನೂ ಕೊಟ್ಟಿಗೆಯನ್ನೂ ಕಾಯುವುದು, ಹೊಲಕ್ಕೆ ಹಂದಿ ನುಗ್ಗಿದರೆ ಬೊಗಳಿ ಎಬ್ಬಿಸುವುದು, ಕುರಿಹಟ್ಟಿಯ ಸುತ್ತ ತೋಳ ಸುಳಿಯದಂತೆ ನೋಡಿಕೊಳ್ಳುವುದು, ಇಷ್ಟು ಕೆಲಸವನ್ನು ಸಂಬಳವಿಲ್ಲದೆ ಮಾಡುವ ಪ್ರಾಣಿಗೆ ದೊರೆಯತಕ್ಕದ್ದು ಮನೆಯವರ ಊಟವಾದ ಮೇಲೆ ಉಳಿದ ಮುದ್ದೆ, ಸಾರು ಬೆರೆತ ಅನ್ನ. ಅದೂ ಇಲ್ಲದ ದಿನ ತಿಪ್ಪೆಯಲ್ಲಿ ತಾನೇ ಕೆದಕಿಕೊಂಡದ್ದು. ಹೀಗೆ ಬೆಳೆದ ನಾಯಿ ಬದುಕುವುದೇನೋ ನಿಜ. ಆದರೆ ಅದು ಯಜಮಾನನ ಕೈಗೆ ಸಿಕ್ಕುವುದಿಲ್ಲ. ಕೈಗೆ ಸಿಕ್ಕದ ನಾಯಿಗೆ ಹುಚ್ಚುನಾಯಿ ರೋಗದ ಲಸಿಕೆಯನ್ನು ಹಾಕಿಸುವುದು ಕಷ್ಟ, ಜಂತುಹುಳುವಿನ ಮಾತ್ರೆಯನ್ನು ನುಂಗಿಸುವುದು ಅದಕ್ಕಿಂತಲೂ ಕಷ್ಟ. ಈ ಎರಡು ಕೆಲಸಗಳು ನಿಂತುಹೋದರೆ ಅದರ ಫಲ ನಾಯಿಯ ಮೇಲೆ ಮಾತ್ರ ಬೀಳುವುದಿಲ್ಲ; ಮನೆಯ ಮಕ್ಕಳ ಮೇಲೂ ಹಟ್ಟಿಯ ಕುರಿಗಳ ಮೇಲೂ ಬೀಳುತ್ತದೆ.

ನಾಯಿಯನ್ನು ಕೈಗೆ ಬರುವಂತೆ ಪಳಗಿಸುವುದಕ್ಕೆ ದಿನವೂ ಗೊತ್ತಾದ ಹೊತ್ತಿನಲ್ಲಿ, ಸಾಕಿದವನ ಕೈಯಿಂದಲೇ ದೊರೆಯುವ ಒಂದು ರುಚಿಯಾದ ತುಣುಕಿಗಿಂತ ಸುಲಭವಾದ ಉಪಾಯ ಬೇರೊಂದಿಲ್ಲ. ಆ ತುಣುಕಿಗೆ ಹೆಚ್ಚು ವೆಚ್ಚ ತಗುಲಬಾರದು, ಅದರಿಂದ ಅಪಾಯವಿರಬಾರದು, ಕೆಲವು ದಿನವಾದರೂ ಕೆಡದೆ ನಿಲ್ಲಬೇಕು. ಪಟ್ಟಣದ ಅಂಗಡಿಗಳಲ್ಲಿ ಬಣ್ಣದ ಚೀಲಗಳಲ್ಲಿ ಮಾರುವ ನಾಯಿ ಬಿಸ್ಕತ್ತುಗಳು ಹಳ್ಳಿಯ ಗೃಹಸ್ಥನಿಗೆ ಅನವಶ್ಯಕವಾದ ಖರ್ಚು. ಆ ಪದಾರ್ಥವಾದರೂ ಏನು? ೧೮೬೦ರ ಸುಮಾರಿನಲ್ಲಿ ಲಂಡನ್ ನಗರದಲ್ಲಿ ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕಾದವನು ಗೋಧಿಹಿಟ್ಟಿಗೆ ತರಕಾರಿ, ಬೀಟ್‌ರೂಟು, ಮಾಂಸಗಳನ್ನು ಸೇರಿಸಿ ಸುಟ್ಟ ಬಿಲ್ಲೆಗಳನ್ನು ಮಾರಲಾರಂಭಿಸಿದನು. ಇಂದಿನ ಬಿಸ್ಕತ್ತುಗಳೆಲ್ಲ ಅದರ ಸಂತತಿಯೇ. ಹಿಟ್ಟು, ಒಂದು ತರಕಾರಿ, ಅಂಟಿಗೆ ಸ್ವಲ್ಪ ಮಾಂಸದ ಅಥವಾ ಮೊಟ್ಟೆಯ ಅಂಶ, ಇವು ಮೂರೂ ಮನೆಯಲ್ಲಿರುವಾಗ ಚೀಲಕ್ಕೆ ಹಣ ಕೊಡಬೇಕಾದ ಕಾರಣವಿಲ್ಲ. ಆ ತರಕಾರಿಯ ಸ್ಥಾನಕ್ಕೆ ನಮ್ಮ ಸೀಮೆಯಲ್ಲಿ ಅತ್ಯಂತ ಯೋಗ್ಯವಾದುದು ಸಿಹಿಕುಂಬಳ.

ಮಲೆನಾಡಿನ ಕಡೆ ಚೀನಿಕಾಯಿಯೆಂದು ಕರೆಯಲ್ಪಡುವ ಈ ಕಾಯಿ ಅಮೆರಿಕಾ ಖಂಡದಿಂದ ಬಂದುದಾದರೂ ನಮ್ಮ ತಿಪ್ಪೆಯ ಅಂಚು, ಬೇಲಿಯ ಸಾಲು, ಜೋಳದ ಹೊಲದ ನಡುವೆ ಇಲ್ಲಿಯದೇ ಎಂಬಂತೆ ಹಬ್ಬುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಹೊರತಂದ ಅರ್ಕಾ ಚಂದನ್ ಎಂಬ ತಳಿಯ ಕಾಯಿ ಎರಡು ಮೂರು ಕಿಲೋ ತೂಗುತ್ತದೆ, ತಿರುಳು ಕಿತ್ತಳೆ ಬಣ್ಣ; ಅರ್ಕಾ ಸೂರ್ಯಮುಖಿಯ ಕಾಯಿ ಇನ್ನೂ ಚಿಕ್ಕದು, ಚಪ್ಪಟೆಯಾದ ದುಂಡು. ಎರಡರಲ್ಲಿ ಯಾವುದಾದರೂ ಆಗಬಹುದು, ಊರ ಬೀಜದ ಕಾಯಿಯೂ ಆಗಬಹುದು. ಉಗುರು ಊರಿದರೆ ಇಳಿಯದಷ್ಟು ಬಲಿತ ಕಾಯನ್ನು ತೊಟ್ಟಿನ ಸಮೇತ ಕೊಯ್ದು ಗಾಳಿಯಾಡುವ ಅಟ್ಟದ ಮೇಲೆ ಒಂದಕ್ಕೊಂದು ತಾಗದಂತೆ ಇಟ್ಟರೆ ಎರಡು ಮೂರು ತಿಂಗಳು ನಿಲ್ಲುತ್ತದೆಂಬುದು ಎಲ್ಲರಿಗೂ ತಿಳಿದದ್ದೇ. ತೊಟ್ಟು ಮುರಿದುದು, ಗಾಡಿಯಲ್ಲಿ ಪೆಟ್ಟು ತಿಂದುದು ಮಾತ್ರ ಸಂತೆಯಲ್ಲಿ ಬಿಕರಿಯಾಗುವುದಿಲ್ಲ, ಅಟ್ಟದ ಮೇಲೂ ನಿಲ್ಲುವುದಿಲ್ಲ. ನಾಯಿಯ ಬಿಲ್ಲೆಗೆ ಇಂಥ ಕಾಯನ್ನು ಅಂದೇ ಕೊಯ್ದು ಉಪಯೋಗಿಸಬಹುದು. ಪೆಟ್ಟು ತಿಂದ ಕಾಯಿ ಬೇರೆ, ಕೊಳೆತ ಕಾಯಿ ಬೇರೆ ಎಂಬುದನ್ನು ಮರೆಯಬಾರದು.

ಸಿಹಿಕುಂಬಳದ ತಿರುಳಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ನೀರೇ. ಹೊಟ್ಟೆ ತುಂಬಿದಂತಾದರೂ ಕೊಬ್ಬು ಬೆಳೆಯದಿರುವುದು ಇದರಿಂದಲೇ. ಕಿತ್ತಳೆ ಬಣ್ಣವನ್ನು ಕೊಡುವ ಕೆರೋಟಿನ್ ಎಂಬ ವಸ್ತುವನ್ನು ನಾಯಿಯ ದೇಹವು ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳಬಲ್ಲದು. ಬೆಕ್ಕಿಗೆ ಈ ಶಕ್ತಿ ತೀರ ಕಡಿಮೆ. ನಾರು ಮೃದುವಾದುದರಿಂದ ಮಲಬದ್ಧತೆಯಿರುವ ನಾಯಿಗೆ ಸ್ವಲ್ಪ ಅನುಕೂಲ. ನಾಯಿಗೆ ಸಿಹಿಯ ರುಚಿ ತಿಳಿಯುತ್ತದೆ. ಆದಕಾರಣ ಬೆಲ್ಲದ ಚೂರು ಕೂಡ ಬೇಕಾಗಿಲ್ಲ.

ಹಿಟ್ಟಿನ ವಿಷಯದಲ್ಲಿ ಒಂದು ಸಂದೇಹ ಕೆಲವರಲ್ಲಿದೆ: ನಾಯಿ ಮಾಂಸಾಹಾರಿಯಲ್ಲವೆ, ರಾಗಿ ಜೋಳಗಳು ಅದಕ್ಕೆ ಜೀರ್ಣವಾಗುವುವೆ? ೨೦೧೩ರಲ್ಲಿ ಸ್ವೀಡನ್ ದೇಶದ ಉಪ್ಸಲಾ ವಿಶ್ವವಿದ್ಯಾಲಯದ ಸಂಶೋಧಕರು ತೋಳದ ಮತ್ತು ನಾಯಿಯ ವಂಶವಾಹಿಗಳನ್ನು ಹೋಲಿಸಿ, ಪಿಷ್ಟವನ್ನು ಕರಗಿಸುವ ರಸವನ್ನು ಹುಟ್ಟಿಸುವ ವಂಶವಾಹಿಯು ತೋಳದಲ್ಲಿ ಎರಡೇ ಪ್ರತಿಗಳಿದ್ದರೆ ನಾಯಿಯಲ್ಲಿ ಅದಕ್ಕಿಂತ ಅನೇಕ ಪಟ್ಟು ಹೆಚ್ಚಿರುವುದನ್ನು ಪ್ರಕಟಪಡಿಸಿದರು. ಮನುಷ್ಯನ ಒಲೆಯ ಬಳಿ ಸಾವಿರಾರು ವರ್ಷ ಕಳೆದುದರ ಗುರುತು ಇದು. ಮುಧೋಳದ ಸೀಮೆಯಲ್ಲಿ ಬೇಟೆನಾಯಿಗಳನ್ನು ಸಾಕುವವರು ಜೋಳದ ರೊಟ್ಟಿ, ಅಂಬಲಿ, ಹಾಲುಗಳಿಂದಲೇ ಅವನ್ನು ಬೆಳೆಸಿಕೊಂಡು ಬಂದಿರುವುದು ಇದಕ್ಕೆ ಮನೆಯ ಸಾಕ್ಷಿ. ಆದರೆ ಹಿಟ್ಟು ಚೆನ್ನಾಗಿ ಬೆಂದಿರಬೇಕು. ಹಸಿಹಿಟ್ಟು ನಾಯಿಯ ಕರುಳಿಗೆ ಭಾರ. ಈಸ್ಟ್ ಹಾಕಿ ಉಬ್ಬಿಸಿದ ಹಸಿಹಿಟ್ಟಂತೂ ಹೊಟ್ಟೆಯೊಳಗೆ ಇನ್ನಷ್ಟು ಉಬ್ಬಿ ಪ್ರಾಣಕ್ಕೇ ಸಂಚಕಾರ ತರಬಹುದು.

ತಯಾರಿಸುವ ಕ್ರಮ

ರಾಗಿಹಿಟ್ಟು ೩೦೦ ಗ್ರಾಂ, ಬೇಯಿಸಿ ಅರೆದ ಸಿಹಿಕುಂಬಳ ೨೫೦ ಗ್ರಾಂ, ಕೋಳಿಮೊಟ್ಟೆ ಒಂದು, ಕಡಲೆಕಾಯಿ ಎಣ್ಣೆ ಒಂದು ಚಿಕ್ಕ ಚಮಚ. ಇಷ್ಟೇ ಸಾಮಾನು. ಉಪ್ಪು ಬೇಡ, ಬೆಲ್ಲ ಬೇಡ, ಮಸಾಲೆ ಯಾವುದೂ ಬೇಡ.

ಮೊದಲು ಕಾಯಿಯ ಒಂದು ಚೂರನ್ನು ಹಸಿಯಾಗಿಯೇ ನಾಲಗೆಗೆ ತಾಗಿಸಿ ನೋಡತಕ್ಕದ್ದು. ಕಹಿಯೆನಿಸಿದರೆ ಆ ಕಾಯನ್ನು ಗುಂಡಿಯಲ್ಲಿ ಹೂಳಬೇಕೇ ವಿನಾ ನಾಯಿಗಾಗಲಿ ದನಕ್ಕಾಗಲಿ ಹಾಕಕೂಡದು. ಕುಂಬಳದ ಜಾತಿಯ ಕಾಯಿಗಳಲ್ಲಿ ಒಮ್ಮೊಮ್ಮೆ ಹುಟ್ಟುವ ಈ ಕಹಿ ಒಂದು ಬಗೆಯ ವಿಷ, ಬೇಯಿಸಿದರೆ ಹೋಗುವುದಿಲ್ಲ. ಕಹಿಯಿಲ್ಲದಿದ್ದರೆ ತೊಟ್ಟು, ಸಿಪ್ಪೆ, ನಡುವಿನ ನಾರು ಬೀಜಗಳನ್ನು ತೆಗೆದು ಹೋಳು ಮಾಡಿ ಇಡ್ಲಿಯ ಪಾತ್ರೆಯಲ್ಲಿ ಕಾಲು ಗಂಟೆ ಅಥವಾ ಸ್ವಲ್ಪ ಹೆಚ್ಚು ಹೊತ್ತು ಹಬೆಯಲ್ಲಿ ಬೇಯಿಸಬೇಕು. ನೀರಿನಲ್ಲಿ ಮುಳುಗಿಸಿ ಬೇಯಿಸಿದರೆ ತಿರುಳು ನೀರು ಕುಡಿದು ಹಿಟ್ಟು ಹೆಚ್ಚು ಹಿಡಿಸುತ್ತದೆ, ಬಿಲ್ಲೆ ಒಣಗುವುದೂ ತಡ. ಬೆಂದ ಹೋಳುಗಳನ್ನು ಸೌಟಿನ ಹಿಂಬದಿಯಿಂದ ನುಣ್ಣಗೆ ಹಿಸುಕಿ, ಇನ್ನೂ ಹೊಗೆಯಾಡುತ್ತಿರುವಾಗಲೇ ರಾಗಿಹಿಟ್ಟನ್ನು ಸುರಿದು ಮರದ ಕೋಲಿನಿಂದ ತಿರುವಿ ಮುಚ್ಚಿಡಬೇಕು. ರಾಗಿಯಲ್ಲಿ ಗೋಧಿಯಂತೆ ಜಿಗುಟು ಇಲ್ಲ. ಬಿಸಿ ತಾಗಿದರೆ ಮಾತ್ರ ಅದು ಒಂದಕ್ಕೊಂದು ಅಂಟಿಕೊಳ್ಳುತ್ತದೆಂಬುದನ್ನು ಮುದ್ದೆ ಕಟ್ಟುವ ಮನೆಯ ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ. ಹತ್ತು ನಿಮಿಷದ ಮೇಲೆ ಕೈ ತಾಳುವಷ್ಟು ಆರಿದಾಗ ಮೊಟ್ಟೆಯನ್ನು ಒಡೆದು ಹಾಕಿ, ಎಣ್ಣೆ ಸೇರಿಸಿ, ಚೆನ್ನಾಗಿ ನಾದಬೇಕು. ಮೊಟ್ಟೆಯನ್ನು ಮುಟ್ಟದ ಮನೆಗಳಲ್ಲಿ ರಾಗಿಹಿಟ್ಟನ್ನು ೨೦೦ ಗ್ರಾಂಗೆ ಇಳಿಸಿ ೧೦೦ ಗ್ರಾಂ ಗೋಧಿಹಿಟ್ಟನ್ನು ಸೇರಿಸಿದರೆ ಅಂಟು ಸಾಕಷ್ಟು ಬರುತ್ತದೆ. ಉತ್ತರದ ಜಿಲ್ಲೆಗಳಲ್ಲಿ ರಾಗಿಗೆ ಬದಲಾಗಿ ಜೋಳದ ಹಿಟ್ಟನ್ನು ಇದೇ ಕ್ರಮದಲ್ಲಿ ಉಪಯೋಗಿಸಬಹುದು.

ಈ ಹಿಟ್ಟನ್ನು ಅಡಕೆಯ ಗಾತ್ರದ ಉಂಡೆಗಳಾಗಿ ಮಾಡಿದರೆ ಸುಮಾರು ಅರುವತ್ತು ಆಗುತ್ತವೆ. ಒಂದೊಂದನ್ನೂ ಅಂಗೈಯಲ್ಲಿ ನಿಪ್ಪಟ್ಟಿನಂತೆ ತಟ್ಟಿ, ಕಡ್ಡಿಯಿಂದ ಎರಡು ಮೂರು ಕಡೆ ಚುಚ್ಚಿ, ಮತ್ತೆ ಕಾಲು ಗಂಟೆ ಹಬೆಯಲ್ಲಿ ಬೇಯಿಸಿ, ಆಮೇಲೆ ಕಬ್ಬಿಣದ ಕಾವಲಿಯ ಮೇಲೆ ಬಹಳ ಮಂದವಾದ ಉರಿಯಲ್ಲಿ ಮಗುಚುತ್ತ ತೇವವಾರಿಸಬೇಕು. ಅಡಿಗೆಯಾದ ಮೇಲೆ ಒಲೆಯಲ್ಲಿ ಉಳಿಯುವ ಕೆಂಡದ ಕಾವಿನಲ್ಲಿ ಕಾವಲಿಯನ್ನು ರಾತ್ರಿಯಿಡೀ ಬಿಟ್ಟರೆ ಬೆಳಗಿನ ಹೊತ್ತಿಗೆ ಬಿಲ್ಲೆ ಕಲ್ಲಿನಂತಾಗಿರುತ್ತದೆ. ಸೌದೆಯ ವೆಚ್ಚವೂ ಇಲ್ಲ. ಮುರಿದರೆ ಲಟಕ್ಕನೆ ಮುರಿಯಬೇಕು. ಬಾಗಿದರೆ ಒಳಗೆ ತೇವವಿದೆಯೆಂದು ಅರ್ಥ. ಪೂರ್ತಿ ಒಣಗಿದವನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿಟ್ಟರೆ ಬೇಸಗೆಯಲ್ಲಿ ಎರಡು ವಾರ ಇರುತ್ತವೆ. ಮಳೆಗಾಲದಲ್ಲಿ ಒಂದು ವಾರಕ್ಕೆ ಸಾಲುವಷ್ಟನ್ನೇ ಮಾಡುವುದು ಲೇಸು. ಬೂಷ್ಟಿನ ಒಂದು ಚುಕ್ಕೆ ಕಂಡರೂ ಡಬ್ಬಿಯಲ್ಲಿರುವ ಬಿಲ್ಲೆಗಳನ್ನೆಲ್ಲ ಎಸೆದುಬಿಡತಕ್ಕದ್ದು. ಹಲ್ಲು ಹೋದ ಮುದಿನಾಯಿಗೆ ಬಿಲ್ಲೆಯನ್ನು ನೀರುಮಜ್ಜಿಗೆಯಲ್ಲಿ ನೆನಸಿ ಕೊಡಬಹುದು. ಚಿಕ್ಕ ನಾಯಿಗಳಿಗೆ ಮುರಿದೇ ಕೊಡಬೇಕು, ಏಕೆಂದರೆ ನಾಯಿಗೆ ಅಗಿದು ತಿನ್ನುವ ತಾಳ್ಮೆ ಕಡಿಮೆ.

ಇಷ್ಟು ಶ್ರಮವೂ ಬೇಡವೆನ್ನುವವರು ಹಬೆಯಲ್ಲಿ ಐದು ನಿಮಿಷ ಬಾಡಿಸಿದ ಕುಂಬಳದ ತೆಳ್ಳನೆಯ ಹೋಳುಗಳನ್ನು ಬಾಳಕದಂತೆ, ಆದರೆ ಉಪ್ಪು ಹಾಕದೆ, ತೆಳುಬಟ್ಟೆ ಮುಚ್ಚಿ ಬಿಸಿಲಿನಲ್ಲಿ ಒಣಗಿಸಿಟ್ಟರೂ ಆದೀತು.

ಎಷ್ಟು ಕೊಡಬೇಕೆಂಬುದಕ್ಕೆ ಲೆಕ್ಕವಿದೆ. ಇಪ್ಪತ್ತು ಕಿಲೋ ತೂಕದ, ಸಾಧಾರಣವಾಗಿ ಓಡಾಡುವ ನಾಯಿಗೆ ದಿನಕ್ಕೆ ಸುಮಾರು ೧೦೦೦ ಕಿಲೋಕ್ಯಾಲೊರಿಯಷ್ಟು ಆಹಾರ ಬೇಕು. ತಿನಿಸಿನ ಪಾಲು ಇದರಲ್ಲಿ ಹತ್ತರಲ್ಲೊಂದನ್ನು ಮೀರಬಾರದೆಂಬುದು ಪಶುವೈದ್ಯರ ಸಾಮಾನ್ಯ ನಿಯಮ. ಮೇಲ್ಕಂಡ ಅಳತೆಯ ಒಂದು ಬಿಲ್ಲೆಯಲ್ಲಿ ೨೦ ಕಿಲೋಕ್ಯಾಲೊರಿಗೆ ಸ್ವಲ್ಪ ಕಡಿಮೆ ಇರುವುದರಿಂದ ಇಂಥ ನಾಯಿಗೆ ದಿನಕ್ಕೆ ಐದು ಬಿಲ್ಲೆ ಸಾಕು. ಹತ್ತು ಕಿಲೋ ತೂಕದ್ದಕ್ಕೆ ಮೂರು. ರಾಗಿಯಲ್ಲಿ ೧೦೦ ಗ್ರಾಂಗೆ ಸುಮಾರು ೩೫೦ ಮಿಲಿಗ್ರಾಂ ಸುಣ್ಣದಂಶವಿದ್ದರೂ ಬಿಲ್ಲೆಯು ಊಟವಾಗಲಾರದು. ಮಾಂಸ, ಮೀನು, ಮೊಟ್ಟೆ, ಹಾಲು ಮಜ್ಜಿಗೆಗಳಿಂದ ಬರಬೇಕಾದ ಸತ್ವವನ್ನು ಕುಂಬಳ ಕೊಡುವುದಿಲ್ಲ. ಮುಧೋಳದ ನಾಯಿಗಳನ್ನು ಸಾಕುವವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಮುಧೋಳದ ಅರಸರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ಪೋಷಿಸಿ ಉಳಿಸಿದ, ೨೦೦೫ರಲ್ಲಿ ಅಂಚೆಚೀಟಿಯ ಮೇಲೂ ಅಚ್ಚಾದ ಈ ಜಾತಿಯ ನಾಯಿಗೆ ಸಣ್ಣನೆಯ ನಡುವೇ ಲಕ್ಷಣ. ಪ್ರೀತಿಯಿಂದ ತಿನ್ನಿಸಿ ಅದನ್ನು ಹೊಟ್ಟೆ ಬೆಳೆದ ಮನೆನಾಯಿಯನ್ನಾಗಿ ಮಾಡುವುದು ಅದಕ್ಕೆ ಉಪಕಾರವಲ್ಲ.

ಸೇರಿಸಬಾರದ ಪದಾರ್ಥಗಳು

ಕುಂಬಳದ ಹಲ್ವ ಮಾಡಿದ ದಿನ ಅದರ ತಳ ಕೆರೆದು ನಾಯಿಗೆ ಹಾಕುವುದು ಬಹು ಮನೆಗಳ ವಾಡಿಕೆ. ಹಲ್ವದಲ್ಲಿ ಕುಂಬಳವಿದ್ದರೂ ಅದು ನಾಯಿಗೆ ಸಲ್ಲದು. ಕಾರಣ ಅದರಲ್ಲಿರುವ ದ್ರಾಕ್ಷಿ. ಹಸಿದ್ರಾಕ್ಷಿಯಾಗಲಿ ಒಣದ್ರಾಕ್ಷಿಯಾಗಲಿ ಕೆಲವು ನಾಯಿಗಳ ಮೂತ್ರಪಿಂಡವನ್ನು ಕೆಲವೇ ದಿನಗಳಲ್ಲಿ ಹಾಳುಮಾಡುತ್ತದೆ. ಯಾವ ನಾಯಿಗೆ ಎಷ್ಟರಿಂದ ಎಂದು ಮುಂಚೆ ಹೇಳಲು ಬರುವುದಿಲ್ಲ. ೨೦೨೧ರಲ್ಲಿ ಅಮೆರಿಕಾದ ಪಶುವೈದ್ಯರು ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣವಿರಬೇಕೆಂದು ಸೂಚಿಸಿದರು. ನಮ್ಮ ಕಡೆಯವರು ಇದನ್ನು ಕಿವಿಗೊಟ್ಟು ಕೇಳಬೇಕು. ಹುಣಸೆಹಣ್ಣಿನ ಹುಳಿಯೂ ಇದೇ ಆಮ್ಲದ್ದು. ಹುಳಿ ಕಲಸಿದ ಅನ್ನವನ್ನು ಮನೆಯ ನಾಯಿಗೆ ದಿನವೂ ಸುರಿಯುವ ಪದ್ಧತಿಯನ್ನು ಬಿಡುವುದು ಕ್ಷೇಮ. ಹುಳಿಸಾರಿನಲ್ಲಿ ಈರುಳ್ಳಿ ಬೆಳ್ಳುಳ್ಳಿಗಳೂ ಇರುತ್ತವೆ. ನಾಯಿಯ ತೂಕದ ಕಿಲೋ ಒಂದಕ್ಕೆ ೧೫ ಗ್ರಾಂ ಈರುಳ್ಳಿ ಹೊಟ್ಟೆಗೆ ಬಿದ್ದರೂ ರಕ್ತದ ಕೆಂಪುಕಣಗಳು ಒಡೆಯಲಾರಂಭಿಸಬಹುದು. ಸ್ವಲ್ಪ ಸ್ವಲ್ಪವಾಗಿ ಹಲವು ದಿನ ತಿಂದರೂ ಕೆಡುಕೇ. ಬೇಯಿಸಿದರೆ ಈ ದೋಷ ಹೋಗುವುದಿಲ್ಲ. ಜಾಯಿಕಾಯಿ, ಚಾಕೊಲೇಟು, ಕಾಫಿಯ ಗಸಿ ಇವೂ ನಾಯಿಗೆ ಆಗದವು. ಸಕ್ಕರೆರೋಗದವರಿಗೆಂದು ಮಾರುವ ಕೆಲವು ಮಿಠಾಯಿಗಳಲ್ಲಿ ಕ್ಸೈಲಿಟಾಲ್ ಎಂಬ ಸಿಹಿವಸ್ತುವಿರುತ್ತದೆ. ಮನುಷ್ಯರಿಗೆ ನಿರಪಾಯಕರವಾದ ಇದು ನಾಯಿಯ ರಕ್ತದ ಸಕ್ಕರೆಯನ್ನು ಒಮ್ಮೆಲೇ ಕುಗ್ಗಿಸಿ ಕೆಡವುತ್ತದೆ.

ಇವೆಲ್ಲಕ್ಕಿಂತ ಹಳ್ಳಿಗಳಲ್ಲಿ ಹೆಚ್ಚು ಹಾನಿ ಮಾಡಬಹುದಾದುದು ಬೂಷ್ಟು ಹಿಡಿದ ಕಾಳು. ಮಳೆಗೆ ಸಿಕ್ಕಿದ ಮುಸುಕಿನ ಜೋಳ, ಮುಗ್ಗಿದ ಕಡಲೆಕಾಯಿ ಹಿಂಡಿ, ಇವನ್ನು ದನಕ್ಕೆ ಹಾಕಲು ಅಂಜಿ ನಾಯಿಗೆ ಬೇಯಿಸಿ ಹಾಕುವವರಿದ್ದಾರೆ. ಇದು ತಪ್ಪು ಲೆಕ್ಕ. ಇಂಥ ಕಾಳಿನಲ್ಲಿ ಬೆಳೆಯುವ ಬೂಷ್ಟು ಆಫ್ಲಾಟಾಕ್ಸಿನ್ ಎಂಬ ವಿಷವನ್ನು ಹುಟ್ಟಿಸುತ್ತದೆ. ಅಡಿಗೆಯ ಕಾವಿಗೆ ಅದು ನಾಶವಾಗುವುದಿಲ್ಲ, ಮತ್ತು ನಾಯಿಯ ಪಿತ್ತಜನಕಾಂಗವು ಅದನ್ನು ತಾಳುವುದರಲ್ಲಿ ದನಕ್ಕಿಂತಲೂ ದುರ್ಬಲ. ೨೦೦೫ರ ಕೊನೆಯಲ್ಲಿ ಅಮೆರಿಕಾದಲ್ಲಿ ಇಂಥ ಜೋಳ ಬೆರೆತ ಸಿದ್ಧ ಆಹಾರವನ್ನು ತಿಂದು ನೂರರಷ್ಟು ನಾಯಿಗಳು ಸತ್ತವು. ಬಿಲ್ಲೆಯ ಹಿಟ್ಟು ಮನೆಯವರು ತಿನ್ನುವ ಹಿಟ್ಟೇ ಆಗಿರಬೇಕು.

ಆಯುಧಪೂಜೆಯ ದಿನ ಬೀದಿಯಲ್ಲಿ ಒಡೆಯುವುದು ಬೂದುಗುಂಬಳವಾದರೂ ಹೆಸರಿನ ಹೋಲಿಕೆಯಿಂದ ಇಲ್ಲಿ ಒಂದು ಮಾತು. ಕುಂಕುಮವನ್ನೂ ಕಾಸನ್ನೂ ತುಂಬಿ ಒಡೆದ ಆ ಹೋಳುಗಳು ನಾಯಿಗೂ ದನಕ್ಕೂ ಆಹಾರವಲ್ಲ. ದಾರಿಯಿಂದ ಎತ್ತಿಸಿಬಿಡುವುದರಿಂದ ಎತ್ತಿನ ಕಾಲು ಜಾರುವುದೂ ತಪ್ಪುತ್ತದೆ.

ಕುಂಬಳದಿಂದ ಆಗದ ಕೆಲಸ

ಕುಂಬಳದ ಬೀಜ ತಿನ್ನಿಸಿದರೆ ಹೊಟ್ಟೆಯ ಹುಳು ಬೀಳುತ್ತದೆಂಬ ಮಾತು ಬಹಳ ಹಳೆಯದು. ಬೀಜದಲ್ಲಿ ಹುಳುವನ್ನು ಸ್ವಲ್ಪ ಮಟ್ಟಿಗೆ ಮಂಕುಗೊಳಿಸುವ ವಸ್ತುವಿರುವುದು ದಿಟ. ಆದರೆ ನಾಯಿಯ ಹುಳುವನ್ನು ಅದರಿಂದ ನಂಬಿಕೆಯಾಗಿ ತೆಗೆಯಬಹುದೆಂದು ಸಿದ್ಧವಾಗಿಲ್ಲ. ಹುರಿದು ಪುಡಿಮಾಡಿದ ಬೀಜವನ್ನು ಒಂದು ಚಮಚ ಹಿಟ್ಟಿಗೆ ಸೇರಿಸುವುದರಿಂದ ಬಾಧಕವಿಲ್ಲ. ಅದನ್ನೇ ಔಷಧವೆಂದು ನಂಬಿ ಸುಮ್ಮನಿರುವುದೇ ಬಾಧಕ. ಜಾತ್ರೆ ಹಬ್ಬಗಳಲ್ಲಿ ಕುರಿ ಕೊಯ್ದಾಗ ನೀರುಗಂಟುಗಳಿರುವ ಪಿತ್ತಜನಕಾಂಗ ಶ್ವಾಸಕೋಶಗಳನ್ನು ನಾಯಿಗೆ ಎಸೆಯುವ ಅಭ್ಯಾಸವಿದೆ. ಆ ಗಂಟಿನೊಳಗಿರುವುದು ಎಕಿನೊಕಾಕಸ್ ಎಂಬ ಲಾಡಿಹುಳುವಿನ ಮರಿ. ಅದು ನಾಯಿಯ ಕರುಳಿನಲ್ಲಿ ಬಲಿತು, ಮಲದೊಡನೆ ಮೊಟ್ಟೆಗಳನ್ನು ಹೊರಬಿಟ್ಟು, ಹುಲ್ಲಿನ ಮೂಲಕ ಮತ್ತೆ ಕುರಿಯನ್ನೂ ದನವನ್ನೂ ಸೇರುತ್ತದೆ. ನಾಯಿಯನ್ನು ಮುಟ್ಟಿ ಕೈತೊಳೆಯದ ಮಕ್ಕಳ ಹೊಟ್ಟೆಗೂ ಹೋಗುತ್ತದೆ. ಮನುಷ್ಯನ ದೇಹದಲ್ಲಿ ಈ ಗಂಟು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು ಕೊನೆಗೆ ಶಸ್ತ್ರಚಿಕಿತ್ಸೆಗೆ ಕರೆದೊಯ್ಯುತ್ತದೆ. ಗಂಟುಗಳಿರುವ ಅಂಗಗಳನ್ನು ಆಳವಾಗಿ ಹೂಳಿಸುವುದು ಊರಿನ ಮುಖಂಡರ ಕೈಯಲ್ಲಿರುವ ಕೆಲಸ. ನಾಯಿಗೆ ಪ್ರಾಜಿಕ್ವಾಂಟೆಲ್ ಸೇರಿದ ಮಾತ್ರೆಯನ್ನು ಪಶುವೈದ್ಯರು ಹೇಳಿದ ಅಂತರದಲ್ಲಿ ಕೊಡುವುದು ಸಾಕಿದವರ ಕೆಲಸ.

ಹಾಗೆಯೇ ಮರಿಗಳಿಗೆ ರಕ್ತಭೇದಿಯಾದಾಗ ಕುಂಬಳದ ಗಂಜಿಯನ್ನು ಕುಡಿಸುತ್ತ ಕಾಲ ಕಳೆಯಕೂಡದು. ೧೯೭೮ರಿಂದ ಲೋಕದಲ್ಲೆಲ್ಲ ಹಬ್ಬಿರುವ ಪಾರ್ವೊ ಎಂಬ ರೋಗವು ಮರಿಯನ್ನು ಎರಡು ಮೂರು ದಿನಗಳಲ್ಲಿಯೇ ಕೊಲ್ಲಬಲ್ಲದು. ಅದಕ್ಕೆ ಮುಂಚಿತವಾಗಿ ಹಾಕಿಸಿದ ಲಸಿಕೆಯೊಂದೇ ರಕ್ಷೆ.

ಬಿಲ್ಲೆಯಿಂದ ಪಳಗಿಸುವುದು

ಮನುಷ್ಯರಿಗೆ ತಗಲುವ ರೇಬೀಸ್ ರೋಗದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ನಾಯಿಯಿಂದ ಬಂದುದು, ಮತ್ತು ರೋಗದ ಲಕ್ಷಣ ಕಂಡ ಮೇಲೆ ಬದುಕುವುದು ಬಹುಮಟ್ಟಿಗೆ ಇಲ್ಲವೇ ಇಲ್ಲ. ನಾಯಿಯಿಂದ ಹರಡುವ ಈ ರೋಗವನ್ನು ೨೦೩೦ರೊಳಗಾಗಿ ನಿರ್ಮೂಲ ಮಾಡಬೇಕೆಂದು ೨೦೨೧ರಲ್ಲಿ ರಾಷ್ಟ್ರೀಯ ಯೋಜನೆಯೊಂದು ಪ್ರಕಟವಾಯಿತು. ಊರಿನ ನೂರು ನಾಯಿಗಳಲ್ಲಿ ಎಪ್ಪತ್ತಕ್ಕಾದರೂ ಲಸಿಕೆ ಬಿದ್ದರೆ ರೋಗದ ಸರಪಣಿ ಕಡಿಯುತ್ತದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶನ. ಲಸಿಕೆ ದೊರೆತ ಮೇಲೂ ಎಪ್ಪತ್ತು ನಾಯಿಗಳನ್ನು ಹಿಡಿದುಕೊಡುವವರು ಬೇಕು. ಹೊಲದ ನಾಯಿ ಹಗ್ಗ ಕಂಡರೆ ಓಡುತ್ತದೆ, ಹಿಡಿಯಹೋದರೆ ಕಚ್ಚುತ್ತದೆ. ಮೂರು ನಾಲ್ಕು ಪ್ರಯತ್ನದ ಮೇಲೆ ಯಜಮಾನನೇ ಕೈಬಿಡುತ್ತಾನೆ.

ಇದಕ್ಕೆ ಹದಿನೈದು ದಿನದ ಅಭ್ಯಾಸ ಸಾಕು. ದಿನವೂ ಸಂಜೆ ಒಂದೇ ಹೊತ್ತಿನಲ್ಲಿ, ಒಂದೇ ಕೂಗಿನಿಂದ ನಾಯಿಯನ್ನು ಕರೆದು, ನಾಯಿಗೆ ನಿತ್ಯವೂ ಅನ್ನ ಹಾಕುವವರೇ ಒಂದು ಬಿಲ್ಲೆ ಕೊಡಬೇಕು. ಮೊದಲ ಕೆಲವು ದಿನ ಅಷ್ಟೇ. ಅನಂತರ ಬಿಲ್ಲೆ ಕೊಡುವಾಗ ಕತ್ತನ್ನು ಸವರುವುದು, ಕಿವಿಯನ್ನು ಮಡಿಸಿ ನೋಡುವುದು, ಕೊನೆಗೆ ಹಗ್ಗವನ್ನು ಕೊರಳಿಗೆ ಹಾಕಿ ಕ್ಷಣಮಾತ್ರದಲ್ಲಿ ತೆಗೆದು ಮತ್ತೊಂದು ಬಿಲ್ಲೆ ಕೊಡುವುದು, ಹೀಗೆ ಮುಂದುವರಿಯಬೇಕು. ಅವಸರಪಟ್ಟು ಒಂದು ದಿನ ಕಟ್ಟಿಹಾಕಿದರೆ ಮಾಡಿದ್ದೆಲ್ಲ ಹಾಳು. ಈ ಕೆಲಸವನ್ನು ಚಿಕ್ಕ ಮಕ್ಕಳಿಗೆ ಒಪ್ಪಿಸಬಾರದು. ಗುರುತಿಲ್ಲದ ಬೀದಿನಾಯಿಗೆ ಕೈಯಿಂದ ಕೊಡಲೂ ಬಾರದು, ನೆಲಕ್ಕೆ ಹಾಕಿ ಹಿಂದೆ ಸರಿಯಬೇಕು. ಯಾವ ನಾಯಿ ಕಚ್ಚಿದರೂ ಗಾಯವನ್ನು ಸೋಪು ನೀರಿನಿಂದ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು. ಅರಿಸಿನ, ಸುಣ್ಣ, ಕಾರದಪುಡಿಗಳನ್ನು ಮೆತ್ತುವುದರಿಂದ ಅಪಾಯ ಹೆಚ್ಚುತ್ತದೆ.

ಮರಿಗೆ ಮೂರು ತಿಂಗಳು ತುಂಬಿದಾಗ ಮೊದಲ ಲಸಿಕೆ. ಆಮೇಲಿನವುಗಳನ್ನು ಪಶುವೈದ್ಯರು ಗೊತ್ತುಮಾಡಿದ ಕಾಲಕ್ಕೆ ತಪ್ಪದೆ ಹಾಕಿಸಬೇಕು. ಸುಗ್ಗಿ ಮುಗಿದು ಜನಕ್ಕೆ ಬಿಡುವಿರುವಾಗ ಗ್ರಾಮ ಪಂಚಾಯಿತಿಯವರು ಹತ್ತಿರದ ಪಶುಚಿಕಿತ್ಸಾಲಯದವರೊಡನೆ ಮಾತಾಡಿ ದಿನ ಗೊತ್ತುಮಾಡಿ, ಎರಡು ವಾರ ಮುಂಚಿತವಾಗಿಯೇ ಡಂಗುರ ಸಾರಿಸಿದರೆ ಮೇಲಿನ ಅಭ್ಯಾಸಕ್ಕೆ ಎಲ್ಲರಿಗೂ ಕಾಲ ದೊರೆಯುತ್ತದೆ. ಆ ದಿನ ಬೆಳಗ್ಗೆ ನಾಯಿಗೆ ಊಟ ಹಾಕದೆ, ಬಿಲ್ಲೆಗಳನ್ನು ಚೀಲದಲ್ಲಿಟ್ಟುಕೊಂಡು ಕರೆತಂದು, ಸೂಜಿ ಚರ್ಮಕ್ಕೆ ತಾಗುವ ಹೊತ್ತಿನಲ್ಲಿ ಬಾಯಿಗೆ ಬಿಲ್ಲೆ ಹಿಡಿಯಬೇಕು.

ಮಾತ್ರೆ ನುಂಗಿಸುವುದಕ್ಕೆ ಒಣಗಿದ ಬಿಲ್ಲೆ ಬರುವುದಿಲ್ಲ. ಹಬೆಯಲ್ಲಿ ಬೆಂದು ಇನ್ನೂ ಮೆತ್ತಗಿರುವ ಉಂಡೆಗಳಲ್ಲಿ ಮೂರನ್ನು ತೆಗೆದಿಟ್ಟುಕೊಂಡು ಒಂದರೊಳಗೆ ಮಾತ್ರೆಯನ್ನು ಹುದುಗಿಸಬೇಕು. ಮೊದಲು ಬರಿಯ ಉಂಡೆ. ಅದು ನುಂಗಿದೊಡನೆ ಮಾತ್ರೆಯ ಉಂಡೆ. ಅದನ್ನು ಬಾಯಲ್ಲಿ ಹೊರಳಿಸಿ ನೋಡುವುದಕ್ಕೆ ಅವಕಾಶ ಕೊಡದೆ ಮೂರನೆಯದನ್ನು ಮೂಗಿನ ಮುಂದೆ ಹಿಡಿದರೆ, ಮುಂದಿನದರ ಆಸೆಗೆ ನಡುವಣದು ಹೊಟ್ಟೆಗೆ ಇಳಿದಿರುತ್ತದೆ.